ಮೊಬೈಲ್ ಪರದೆಯ ರಚನೆಯಲ್ಲಿ ಪುನರುಕ್ತಿ: ಒಂದು ಚಾರಿತ್ರಿಕ ಅವಲೋಕನ

ಗಣಕ ತಂತ್ರಾಂಶದ ಚರಿತ್ರೆಯು ಬಹುಮಟ್ಟಿಗೆ ಯಂತ್ರಗಳ ವೇಗದ, ಕಂಪನಿಗಳ ಏಳುಬೀಳಿನ ಹಾಗೂ ಕೆಲವೇ ಪ್ರತಿಭಾವಂತರ ಸಾಧನೆಯ ಚರಿತ್ರೆಯಾಗಿ ರಚಿತವಾಗಿದೆ. ತಂತ್ರಾಂಶವನ್ನು ದಿನನಿತ್ಯ ಬರೆಯುವವರ ಸಮಯದಲ್ಲಿ ದೊಡ್ಡ ಪಾಲನ್ನು ನುಂಗುವ ಸಣ್ಣಪುಟ್ಟ ಶ್ರಮಕ್ಕೆ ಅದರಲ್ಲಿ ಸ್ಥಾನ ದೊರೆತಿರುವುದು ವಿರಳ. ಮೊಬೈಲ್ ಫೋನಿನ ಪರದೆಯ ಮೇಲೆ ಕಾಣುವ ಒಂದು ಗುಂಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಳಕೆದಾರನಿಗೆ ಅದು ಬೆರಳು ತಾಗಿಸುವ ಜಾಗವಷ್ಟೆ. ಅದನ್ನು ಅಲ್ಲಿಗೆ ತರುವ ಪ್ರೋಗ್ರಾಮರ್ ಆ ಗುಂಡಿಯನ್ನು ಸೃಷ್ಟಿಸಬೇಕು, ಅದಕ್ಕೊಂದು ಹೆಸರು ಕೊಡಬೇಕು, ಸ್ಥಳ, ಅಳತೆ, ಬಣ್ಣ, ಅಕ್ಷರಗಳನ್ನು ಗೊತ್ತುಪಡಿಸಬೇಕು, ಬೆರಳು ತಾಗಿದಾಗ ಏನಾಗಬೇಕೆಂಬುದನ್ನು ತಿಳಿಸಬೇಕು. ಎರಡನೆಯ ಗುಂಡಿಗೂ ಇದೇ ಕ್ರಮ, ಇಪ್ಪತ್ತನೆಯದಕ್ಕೂ ಇದೇ ಕ್ರಮ. ಬದಲಾಗುವುದು ಹೆಸರು ಮತ್ತು ಒಂದೆರಡು ಅಂಕಿಗಳು ಮಾತ್ರ. ಗುಂಡಿ, ಅಕ್ಷರ ತುಂಬುವ ಚೌಕ, ಆಯ್ಕೆಪಟ್ಟಿ, ಚಿತ್ರ ಮೊದಲಾದ ಪರದೆಯ ಭಾಗಗಳನ್ನು ಪ್ರಸ್ತುತ ಲೇಖನದಲ್ಲಿ ‘ಘಟಕ’ ಎಂಬ ಒಂದೇ ಪದದಿಂದ ಸೂಚಿಸಲಾಗಿದೆ.

ಇಂತಹ ಪುನರುಕ್ತಿಯ ಬರವಣಿಗೆಗೆ ಇಂಗ್ಲಿಷಿನಲ್ಲಿ ‘ಬಾಯ್ಲರ್‌ಪ್ಲೇಟ್’ ಎಂಬ ಹೆಸರು ರೂಢಿಯಲ್ಲಿದೆ. ಉಗಿಯಂತ್ರದ ಹಂಡೆಗೆ ಬಳಸುವ ದಪ್ಪ ಉಕ್ಕಿನ ತಗಡು ಎಂಬುದು ಅದರ ಮೂಲಾರ್ಥ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಸುದ್ದಿಸಂಸ್ಥೆಗಳು ಸಣ್ಣ ಊರುಗಳ ಪತ್ರಿಕೆಗಳಿಗೆ ಅಚ್ಚಿಗೆ ಸಿದ್ಧವಾದ ಲೋಹದ ಫಲಕಗಳನ್ನು ಕಳುಹಿಸುತ್ತಿದ್ದವು. ಆ ಫಲಕಗಳಿಗೂ ಅವುಗಳಲ್ಲಿದ್ದ ಬರಹಕ್ಕೂ ಇದೇ ಹೆಸರು ಅಂಟಿಕೊಂಡಿತು. ಅಲ್ಲಿಂದ ವಕೀಲರ ಕರಾರುಪತ್ರಗಳಿಗೂ ಕೊನೆಗೆ ಗಣಕದ ಕೋಡಿಗೂ ಪದ ಹರಡಿತು. ಕನ್ನಡದಲ್ಲಿ ಇದನ್ನು ‘ಪಡಿಯಚ್ಚು ಬರಹ’ ಎನ್ನಬಹುದು. ಇಲ್ಲೊಂದು ವಿಪರ್ಯಾಸವುಂಟು. ಪತ್ರಿಕೆಯ ಫಲಕವು ಮೊಳೆ ಜೋಡಿಸುವವನ ಶ್ರಮವನ್ನು ಉಳಿಸುತ್ತಿತ್ತು. ಪ್ರೋಗ್ರಾಮರನ ಪಡಿಯಚ್ಚಾದರೋ ಪ್ರತಿಸಲವೂ ಕೈಯಿಂದಲೇ ಮೂಡಬೇಕಾಗಿತ್ತು.

ಈ ಶ್ರಮವನ್ನು ತಗ್ಗಿಸಲು ನಡೆದ ಪ್ರಯತ್ನಗಳನ್ನು, ವಿಶೇಷವಾಗಿ 2008ರಿಂದ ಈಚೆಗೆ ಆ್ಯಂಡ್ರಾಯ್ಡ್ ವೇದಿಕೆಯಲ್ಲಿ ನಡೆದವನ್ನು, ಕಾಲಾನುಕ್ರಮದಲ್ಲಿ ಪರಿಶೀಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪುನರುಕ್ತಿಯು ಎಲ್ಲಿಯೂ ಪೂರ್ಣವಾಗಿ ಅಳಿಯಲಿಲ್ಲ. ಅದು ಪ್ರೋಗ್ರಾಮರನ ಕೈಯಿಂದ ಕಡತಕ್ಕೆ, ಕಡತದಿಂದ ಯಂತ್ರವೇ ಬರೆಯುವ ಕೋಡಿಗೆ, ಅಲ್ಲಿಂದ ಕಂಪೈಲರಿನ ಒಳಕ್ಕೆ ಸ್ಥಳಾಂತರಗೊಂಡಿತು. ಪ್ರತಿ ಸ್ಥಳಾಂತರದೊಡನೆ ತಪ್ಪು ಬಯಲಾಗುವ ವೇಳೆಯೂ, ಅದನ್ನು ಮೊದಲು ಕಾಣುವ ವ್ಯಕ್ತಿಯೂ ಬದಲಾದರು. ಬರೆಯುವವನ ಮೇಜಿನ ಮೇಲೆಯೇ ತಪ್ಪು ಸಿಕ್ಕಿಬೀಳುತ್ತದೆಯೋ, ಅಥವಾ ಫೋನನ್ನು ಹಿಡಿದವನ ಕೈಯಲ್ಲಿ ಆಪ್ ಹಠಾತ್ತನೆ ಮುಚ್ಚಿಹೋಗುತ್ತದೆಯೋ ಎಂಬುದು ಸಾಲುಗಳ ಲೆಕ್ಕಕ್ಕಿಂತ ಮುಖ್ಯವಾದ ಪ್ರಶ್ನೆ.

ಪೂರ್ವೇತಿಹಾಸ

ಒಮ್ಮೆ ರಚಿಸಿ ಹಲವೆಡೆ ಬಳಸುವ ಕಲ್ಪನೆಯು ಗಣಕದ ಪರದೆಯಷ್ಟೇ ಹಳೆಯದು. 1963ರಲ್ಲಿ ಐವಾನ್ ಸದರ್ಲೆಂಡ್ ಅವರು ಅಮೆರಿಕದ ಎಂಐಟಿಗೆ ಸಲ್ಲಿಸಿದ ಪ್ರೌಢಪ್ರಬಂಧದ ಭಾಗವಾಗಿ ರೂಪಿಸಿದ ‘ಸ್ಕೆಚ್‌ಪ್ಯಾಡ್’ ತಂತ್ರಾಂಶದಲ್ಲಿ ಒಂದು ಮೂಲಚಿತ್ರವನ್ನು ಬರೆದು ಅದರ ಅನೇಕ ಪ್ರತಿಗಳನ್ನು ಪರದೆಯ ಮೇಲೆ ಇರಿಸಬಹುದಾಗಿತ್ತು. ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲವೂ ತಾವಾಗಿ ತಿದ್ದಿಕೊಳ್ಳುತ್ತಿದ್ದವು. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಗಣಕದ ಮೇಲೆ ನಡೆಯುತ್ತಿದ್ದ ಈ ತಂತ್ರಾಂಶವು ಮುಂದಿನ ಆರು ದಶಕಗಳ ಚರ್ಚೆಯನ್ನು ಬೀಜರೂಪದಲ್ಲಿ ಒಳಗೊಂಡಿತ್ತೆಂದರೆ ಅತಿಶಯೋಕ್ತಿಯಾಗದು.

ಆದರೆ ಎಂಬತ್ತರ ದಶಕದಲ್ಲಿ ಕಿಟಕಿ, ಗುಂಡಿ, ಮೆನುಗಳುಳ್ಳ ಗಣಕಗಳು ಮಾರುಕಟ್ಟೆಗೆ ಬಂದಾಗ ಪ್ರೋಗ್ರಾಮರುಗಳಿಗೆ ದೊರೆತದ್ದು ಅಷ್ಟು ಸುಲಭದ ಸಾಧನವಲ್ಲ. 1984ರ ಮ್ಯಾಕಿಂತೋಷಿನಲ್ಲಿ ಮೆನುಗಳು, ಸಂವಾದ ಚೌಕಗಳು ಮತ್ತು ಅವುಗಳ ಅಕ್ಷರಗಳನ್ನು ಕೋಡಿನಿಂದ ಬೇರ್ಪಡಿಸಿ ‘ರಿಸೋರ್ಸ್’ ಎಂಬ ಪ್ರತ್ಯೇಕ ವಿಭಾಗದಲ್ಲಿ ಇಡುವ ವ್ಯವಸ್ಥೆಯಿತ್ತು. ತಂತ್ರಾಂಶವನ್ನು ಬೇರೆ ಭಾಷೆಗೆ ಒಯ್ಯುವವರಿಗೆ ಇದರಿಂದ ಮಹದುಪಕಾರವಾಯಿತು. ಆದರೂ ಬಳಕೆದಾರನ ಪ್ರತಿಯೊಂದು ಒತ್ತುವಿಕೆಯನ್ನೂ ಕಾದು, ಗುರುತಿಸಿ, ಸರಿಯಾದ ಘಟಕಕ್ಕೆ ತಲುಪಿಸುವ ಕೋಡನ್ನು ಪ್ರತಿ ಪ್ರೋಗ್ರಾಮಿನಲ್ಲಿಯೂ ಹೊಸದಾಗಿ ಬರೆಯಬೇಕಾಗಿತ್ತು. ಮೈಕ್ರೋಸಾಫ್ಟ್ ವಿಂಡೋಸಿನ ಸ್ಥಿತಿಯೂ ಬೇರೆಯಾಗಿರಲಿಲ್ಲ. ಆ ವ್ಯವಸ್ಥೆಗೆ ಪ್ರೋಗ್ರಾಮ್ ಬರೆಯುವುದನ್ನು ಒಂದು ತಲೆಮಾರಿಗೆ ಕಲಿಸಿದ ಚಾರ್ಲ್ಸ್ ಪೆಟ್ಜೋಲ್ಡ್ ಅವರ 1988ರ ಗ್ರಂಥದಲ್ಲಿ, ಕಿಟಕಿಯೊಂದರಲ್ಲಿ ಒಂದು ಸಾಲು ಅಕ್ಷರವನ್ನು ತೋರಿಸುವ ಅತಿ ಚಿಕ್ಕ ಪ್ರೋಗ್ರಾಮಿಗೂ ಹತ್ತಾರು ಸಾಲುಗಳು ಬೇಕಾಗಿದ್ದುದು ಪ್ರಸಿದ್ಧವಾಗಿದೆ.

ಈ ಹೊರೆಯನ್ನು ಅಳೆದು ನೋಡಿದವರು ಬ್ರ್ಯಾಡ್ ಮೈಯರ್ಸ್ ಮತ್ತು ಮೇರಿ ಬೆತ್ ರಾಸನ್. 1992ರಲ್ಲಿ ಅವರು ಪ್ರಕಟಿಸಿದ ಸಮೀಕ್ಷೆಯು 74 ಉತ್ತರಗಳನ್ನು ಆಧರಿಸಿತ್ತು. ಅದರ ಪ್ರಕಾರ ತಂತ್ರಾಂಶವೊಂದರ ಒಟ್ಟು ಕೋಡಿನಲ್ಲಿ ಸರಾಸರಿ ಶೇ. 48ರಷ್ಟು ಭಾಗ ಬಳಕೆದಾರನಿಗೆ ಕಾಣುವ ಪರದೆಗೇ ಮೀಸಲಾಗಿತ್ತು. ಲೆಕ್ಕಾಚಾರ, ದತ್ತಾಂಶದ ಸಂಗ್ರಹ, ಜಾಲದ ಸಂಪರ್ಕ ಇವೆಲ್ಲವೂ ಸೇರಿ ಉಳಿದರ್ಧ. ಮೊಬೈಲ್ ಯುಗಕ್ಕೆ ಮುಂಚಿನದಾದರೂ ಈ ಅಂಕಿಯು ಸಮಸ್ಯೆಯ ಗಾತ್ರವನ್ನು ಮನಗಾಣಿಸುತ್ತದೆ.

ಇದೇ ಅವಧಿಯಲ್ಲಿ ಬೇರೊಂದು ಮಾರ್ಗವನ್ನು ಹಿಡಿದವರು ಫ್ರಾನ್ಸಿನ ಜಾನ್-ಮಾರಿ ಉಲ್ಲೋ. ಅಲ್ಲಿನ ಇನ್ರಿಯಾ ಸಂಶೋಧನ ಸಂಸ್ಥೆಯಲ್ಲಿದ್ದಾಗ ಲಿಸ್ಪ್ ಭಾಷೆಯಲ್ಲಿ ಅವರು ನಿರ್ಮಿಸಿದ ಸಾಧನವು ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು ತಲುಪಿ, 1988ರಲ್ಲಿ ‘ಇಂಟರ್‌ಫೇಸ್ ಬಿಲ್ಡರ್’ ಎಂಬ ಹೆಸರಿನಲ್ಲಿ ಬೆಳಕು ಕಂಡಿತು. ಇದರಲ್ಲಿ ಗುಂಡಿಯನ್ನು ಬರೆಯುವ ಅಗತ್ಯವಿರಲಿಲ್ಲ. ಎಳೆದು ತಂದು ಕಿಟಕಿಯ ಮೇಲೆ ಇಟ್ಟರೆ ಸಾಕಿತ್ತು. ಗುಂಡಿಯಿಂದ ಕೋಡಿನವರೆಗೆ ಮೌಸಿನಿಂದ ಒಂದು ಗೆರೆ ಎಳೆದರೆ ಸಂಬಂಧ ಏರ್ಪಡುತ್ತಿತ್ತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಉಲ್ಲೋ ಅವರ ಸಾಧನವು ಪ್ರೋಗ್ರಾಮರನ ಪರವಾಗಿ ಕೋಡನ್ನು ಬರೆದುಕೊಡುತ್ತಿರಲಿಲ್ಲ. ಸಿದ್ಧಗೊಂಡ ಘಟಕಗಳನ್ನೇ ಅವುಗಳ ಸಂಬಂಧಗಳೊಡನೆ ಕಡತವೊಂದರಲ್ಲಿ ಹಾಗೆಯೇ ಕಾಪಿಟ್ಟು, ಪ್ರೋಗ್ರಾಮ್ ನಡೆಯುವಾಗ ಮತ್ತೆ ಎಚ್ಚರಗೊಳಿಸುತ್ತಿತ್ತು. 1990ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಮೊದಲ ವೆಬ್ ಬ್ರೌಸರನ್ನು ರಚಿಸಿದ್ದು ನೆಕ್ಸ್ಟ್ ಗಣಕದ ಮೇಲೆ, ಈ ಸಾಧನದ ನೆರವಿನಿಂದ.

ಈ ಸೌಕರ್ಯಕ್ಕೂ ಒಂದು ಬೆಲೆಯಿತ್ತು. ಗೆರೆ ಎಳೆಯಲು ಮರೆತರೆ ಕಂಪೈಲರ್ ತಕರಾರು ಮಾಡುತ್ತಿರಲಿಲ್ಲ. ನೆಕ್ಸ್ಟ್ ಬಳಸುತ್ತಿದ್ದ ಆಬ್ಜೆಕ್ಟಿವ್-ಸಿ ಭಾಷೆಯಲ್ಲಿ ಇಲ್ಲದ ವಸ್ತುವಿಗೆ ಕಳುಹಿಸಿದ ಸಂದೇಶ ಸದ್ದಿಲ್ಲದೆ ಲಯವಾಗುತ್ತಿದ್ದುದರಿಂದ, ಸಂಬಂಧ ತಪ್ಪಿದ ಗುಂಡಿಯು ಒತ್ತಿದರೂ ಸುಮ್ಮನೆ ಕುಳಿತಿರುತ್ತಿತ್ತು. ಪುನರುಕ್ತಿಯು ಕಡತದೊಳಕ್ಕೆ ಸರಿದೊಡನೆ ತಪ್ಪೂ ಅದರ ಬೆನ್ನಿಗೆ ಅಲ್ಲಿಯೇ ಅಡಗಿತು.

ಆ್ಯಂಡ್ರಾಯ್ಡಿನ ಏರ್ಪಾಡು

ಗೂಗಲ್ ಕಂಪನಿಯು ಆ್ಯಂಡ್ರಾಯ್ಡ್ ಸಂಸ್ಥೆಯನ್ನು ಕೊಂಡದ್ದು 2005ರಲ್ಲಿ. ಪ್ರೋಗ್ರಾಮರುಗಳಿಗೆ ಬೇಕಾದ ಸಾಧನಗಳ ಮೊದಲ ಆವೃತ್ತಿ 2007ರ ನವೆಂಬರಿನಲ್ಲಿ ಹೊರಬಂದಿತು. ಮೊದಲ ಫೋನು 2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಈ ವೇದಿಕೆಯಲ್ಲಿ ಪರದೆಯ ವಿನ್ಯಾಸವನ್ನು ಎಕ್ಸ್‌ಎಂಎಲ್ ಕಡತದಲ್ಲಿಯೂ ಅದರ ನಡವಳಿಕೆಯನ್ನು ಜಾವಾ ಭಾಷೆಯಲ್ಲಿಯೂ ಬರೆಯುವ ಕ್ರಮವನ್ನು ರೂಪಿಸಲಾಗಿತ್ತು. ಎರಡರ ನಡುವಣ ಸೇತುವೆಯೇ ‘ಫೈಂಡ್‌ವ್ಯೂಬೈಐಡಿ’ ಎಂಬ ಆದೇಶ. ವಿನ್ಯಾಸದ ಕಡತದಲ್ಲಿ ಘಟಕಕ್ಕೆ ಒಂದು ಗುರುತಿನ ಹೆಸರು ಕೊಡಲಾಗುತ್ತದೆ. ಆಪ್ ಅನ್ನು ಕಟ್ಟುವ ಸಾಧನವು ಆ ಹೆಸರಿಗೆ ಒಂದು ಸಂಖ್ಯೆಯನ್ನು ನಿಗದಿಪಡಿಸಿ ‘ಆರ್’ ಎಂಬ ಪಟ್ಟಿಯಲ್ಲಿ ದಾಖಲಿಸುತ್ತದೆ. ಆಪ್ ನಡೆಯುವಾಗ ಪ್ರೋಗ್ರಾಮರನ ಕೋಡು ಆ ಸಂಖ್ಯೆಯನ್ನು ಕೊಟ್ಟು ಘಟಕವನ್ನು ಹುಡುಕಿಸಿಕೊಳ್ಳುತ್ತದೆ.

ಕೈಯಿಂದ ಬರೆಯುವಾಗ ಇದರ ರೂಪ ಹೀಗಿರುತ್ತಿತ್ತು. ಘಟಕವನ್ನು ಹಿಡಿದಿಡುವ ಹೆಸರನ್ನು ಘೋಷಿಸುವುದಕ್ಕೆ ಒಂದು ಸಾಲು. ಅದನ್ನು ಹುಡುಕಿ, ಸಿಕ್ಕಿದ ವಸ್ತು ಗುಂಡಿಯೇ ಅಥವಾ ಚಿತ್ರವೇ ಎಂಬ ಜಾತಿಯನ್ನು ಸ್ಪಷ್ಟಪಡಿಸುವುದಕ್ಕೆ ಇನ್ನೊಂದು ಸಾಲು. ಒತ್ತಿದಾಗ ಏನಾಗಬೇಕೆಂದು ಹೇಳುವುದಕ್ಕೆ ಅಂದಿನ ಜಾವಾದಲ್ಲಿ ಹೆಸರಿಲ್ಲದ ಒಂದು ವರ್ಗವನ್ನೇ ರಚಿಸಬೇಕಾಗಿದ್ದುದರಿಂದ ರೂಢಿಯ ಬರವಣಿಗೆಯಲ್ಲಿ ಸುಮಾರು ಆರು ಸಾಲು. ಅವುಗಳಲ್ಲಿ ನಿಜವಾಗಿ ಕೆಲಸವನ್ನು ಹೇಳುವುದು ಒಂದೇ ಸಾಲು. ಹತ್ತು ಗುಂಡಿಗಳ ಪರದೆಗೆ ಈ ಲೆಕ್ಕದಲ್ಲಿ ಎಂಬತ್ತು ಸಾಲುಗಳಾಗುತ್ತವೆ. ಅರ್ಥವುಳ್ಳ ಹತ್ತು ಸಾಲುಗಳನ್ನು ಉಳಿದ ಎಪ್ಪತ್ತರ ನಡುವೆ ಹುಡುಕುವುದು ಓದುಗನ ಪಾಲಿನ ಕೆಲಸ. ಕೋಡನ್ನು ಬರೆಯುವುದಕ್ಕಿಂತ ಓದುವುದೇ ಹೆಚ್ಚೆಂಬುದನ್ನು ನೆನೆದರೆ ಇದು ಚಿಕ್ಕ ದಂಡವಲ್ಲ.

ಶ್ರಮಕ್ಕಿಂತ ಗಂಭೀರವಾದದ್ದು ಅಪಾಯ. ಹುಡುಕಾಟವು ಆಪ್ ನಡೆಯುವಾಗ ಆಗುವುದರಿಂದ, ಬೇರೊಂದು ಪರದೆಗೆ ಸೇರಿದ ಗುರುತನ್ನು ತಪ್ಪಿ ಕೊಟ್ಟರೂ ಕಂಪೈಲರ್ ಒಪ್ಪಿಕೊಳ್ಳುತ್ತಿತ್ತು. ನಡೆಯುವಾಗ ಘಟಕ ಸಿಗದೆ ‘ನಲ್’ ಎಂಬ ಶೂನ್ಯಸೂಚಿ ಹಿಂದಿರುಗುತ್ತಿತ್ತು. ಅದನ್ನು ಬಳಸಿದ ಕ್ಷಣವೇ ಆಪ್ ಮುಚ್ಚಿಹೋಗುತ್ತಿತ್ತು. ಚಿತ್ರವನ್ನು ಗುಂಡಿಯೆಂದು ತಪ್ಪಾಗಿ ಘೋಷಿಸಿದರೂ ಇದೇ ಗತಿ. ಈ ಶೂನ್ಯಸೂಚಿಯನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗಾಗಿ ಯೋಜಿಸಿದ ಟೋನಿ ಹೋರ್ ಅವರು 2009ರ ಉಪನ್ಯಾಸವೊಂದರಲ್ಲಿ ಅದನ್ನು ನೂರು ಕೋಟಿ ಡಾಲರಿನ ತಪ್ಪೆಂದು ತಾವೇ ಕರೆದುಕೊಂಡದ್ದು ಇಲ್ಲಿ ಉಲ್ಲೇಖಾರ್ಹ.

ಹಾಗಾದರೆ ಈ ಏರ್ಪಾಡು ವಿನ್ಯಾಸಕಾರರ ಅಜಾಗರೂಕತೆಯ ಫಲವೇ? ಹಾಗೆ ತೀರ್ಮಾನಿಸುವುದು ನ್ಯಾಯವಾಗದು. ಆ್ಯಂಡ್ರಾಯ್ಡ್ ಮೊದಲಿನಿಂದಲೂ ಒಂದೇ ಅಳತೆಯ ಫೋನಿಗಾಗಿ ರೂಪುಗೊಂಡದ್ದಲ್ಲ. ಒಂದೇ ಪರದೆಗೆ ಉದ್ದ ಹಿಡಿದಾಗ ಒಂದು, ಅಡ್ಡ ಹಿಡಿದಾಗ ಇನ್ನೊಂದು, ದೊಡ್ಡ ಸಾಧನಗಳಿಗೆ ಮತ್ತೊಂದು ವಿನ್ಯಾಸದ ಕಡತವನ್ನು ಕೊಡಲು ಅದು ಅವಕಾಶ ನೀಡಿತ್ತು; ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಫೋನಿನಲ್ಲಿ, ಆ ಹೊತ್ತಿಗೆ ನಿರ್ಧಾರವಾಗುತ್ತಿತ್ತು. ಅಡ್ಡ ವಿನ್ಯಾಸದಲ್ಲಿರುವ ಗುಂಡಿ ಉದ್ದ ವಿನ್ಯಾಸದಲ್ಲಿ ಇಲ್ಲದಿರಬಹುದು. ಆದ್ದರಿಂದ ನಡೆಯುವಾಗ ಹುಡುಕುವುದು ಆ ನಮ್ಯತೆಗೆ ತೆತ್ತ ಬೆಲೆಯೇ ಹೊರತು ಸೋಮಾರಿತನವಲ್ಲ.

ಪುನರುಕ್ತಿ ಬರವಣಿಗೆಯಲ್ಲಿ ಮಾತ್ರವಲ್ಲ, ಯಂತ್ರದ ಕೆಲಸದಲ್ಲಿಯೂ ಇತ್ತೆಂಬುದಕ್ಕೆ ಪಟ್ಟಿಗಳ ಪ್ರಸಂಗ ಸಾಕ್ಷಿ. ಸಂಪರ್ಕಗಳ ಉದ್ದನೆಯ ಪಟ್ಟಿಯೊಂದನ್ನು ಬೆರಳಿನಿಂದ ಸರಿಸಿದಾಗ ಪ್ರತಿ ಹೊಸ ಸಾಲಿಗೂ ಅದರ ಘಟಕಗಳನ್ನು ಮತ್ತೆ ಮತ್ತೆ ಹುಡುಕಬೇಕಾಗುತ್ತಿತ್ತು. ಅಂದಿನ ನಿಧಾನ ಫೋನುಗಳಲ್ಲಿ ಪಟ್ಟಿ ತಡವರಿಸುತ್ತಿತ್ತು. ಒಮ್ಮೆ ಹುಡುಕಿದ ಘಟಕಗಳನ್ನು ಸಾಲಿನ ಜೊತೆಗೇ ಕಟ್ಟಿಡುವ ‘ವ್ಯೂಹೋಲ್ಡರ್’ ಎಂಬ ಪದ್ಧತಿಯನ್ನು ಗೂಗಲ್ಲಿನ ಇಂಜಿನಿಯರುಗಳು ತಮ್ಮ ವಾರ್ಷಿಕ ಸಮ್ಮೇಳನಗಳಲ್ಲಿ ಬೋಧಿಸಿದರು. ಯಂತ್ರದ ಪುನರುಕ್ತಿ ಇಳಿಯಿತು, ಬರೆಯುವವನ ಪುನರುಕ್ತಿ ಏರಿತು. ಪ್ರತಿ ಪಟ್ಟಿಗೂ ಒಂದು ಚಿಕ್ಕ ವರ್ಗವನ್ನು ಬರೆಯಲೇಬೇಕಾಯಿತು. ಐಚ್ಛಿಕವಾಗಿದ್ದ ಈ ಪದ್ಧತಿಯನ್ನು 2014ರಲ್ಲಿ ಬಂದ ‘ರಿಸೈಕ್ಲರ್‌ವ್ಯೂ’ ಕಡ್ಡಾಯಗೊಳಿಸಿತು.

ಹೊರಗಿನವರ ಪರಿಹಾರಗಳು

ವೇದಿಕೆಯ ಒಡೆಯರು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ಮುನ್ನವೇ ಹೊರಗಿನ ಪ್ರೋಗ್ರಾಮರುಗಳು ಪರಿಹಾರಗಳನ್ನು ರಚಿಸಿ ಮುಕ್ತವಾಗಿ ಹಂಚಿದರು. ಆರಂಭದ ‘ರೋಬೋಗ್ಯೂಸ್’ ಎಂಬ ಲೈಬ್ರರಿಯಲ್ಲಿ ಘಟಕದ ಹೆಸರಿನ ಮೇಲೆ ಒಂದು ಟಿಪ್ಪಣಿಯನ್ನು ಬರೆದರೆ ಸಾಕು, ಹುಡುಕುವ ಸಾಲನ್ನು ಬರೆಯಬೇಕಾಗಿರಲಿಲ್ಲ. ಆದರೆ ಅದು ಆಪ್ ನಡೆಯುವಾಗ ತನ್ನ ಕೋಡನ್ನು ತಾನೇ ಪರಿಶೀಲಿಸಿ ಟಿಪ್ಪಣಿಗಳನ್ನು ಓದಿಕೊಳ್ಳುತ್ತಿದ್ದುದರಿಂದ ನಿಧಾನವಾಗುತ್ತಿತ್ತು.

2013ರಲ್ಲಿ ಜೇಕ್ ವಾರ್ಟನ್ ಅವರು ಹೊರತಂದ ‘ಬಟರ್‌ನೈಫ್’ ಈ ದೋಷವನ್ನು ನಿವಾರಿಸಿತು. ಇದರಲ್ಲಿಯೂ ಟಿಪ್ಪಣಿಗಳೇ, ಆದರೆ ಅವುಗಳನ್ನು ಕಂಪೈಲ್ ಮಾಡುವ ಹೊತ್ತಿನಲ್ಲಿಯೇ ಓದಿ, ಪ್ರೋಗ್ರಾಮರ್ ಕೈಯಿಂದ ಬರೆಯುತ್ತಿದ್ದ ಅದೇ ಹುಡುಕುವ ಸಾಲುಗಳನ್ನು ಯಂತ್ರವೇ ಬರೆದಿಡುತ್ತಿತ್ತು. ಪಡಿಯಚ್ಚು ಹಾಗೆಯೇ ಉಳಿಯಿತು, ಅಚ್ಚು ಹಾಕುವ ಕೈ ಬದಲಾಯಿತು. ಯಂತ್ರ ಬರೆದ ಕೋಡನ್ನು ತೆರೆದು ಓದಬಹುದಾಗಿದ್ದುದು ಈ ಲೈಬ್ರರಿಯ ದೊಡ್ಡ ಗುಣ. ಏನು ನಡೆಯುತ್ತಿದೆಯೆಂಬುದು ಮಾಯೆಯಾಗಿ ಉಳಿಯಲಿಲ್ಲ.

ಬಟರ್‌ನೈಫಿನ ಚರಿತ್ರೆಯಲ್ಲಿ ಇನ್ನೊಂದು ಪಾಠವೂ ಅಡಗಿದೆ. ಅದರ ಮುಖ್ಯ ಟಿಪ್ಪಣಿಯ ಹೆಸರು ಮೊದಲು ‘ಇಂಜೆಕ್ಟ್‌ವ್ಯೂ’ ಎಂದಿತ್ತು. 2015ರಲ್ಲಿ ‘ಬೈಂಡ್’ ಎಂದಾಯಿತು. 2016ರಲ್ಲಿ ‘ಬೈಂಡ್‌ವ್ಯೂ’ ಎಂದಾಯಿತು. ಪ್ರತಿಸಲವೂ ಅದನ್ನು ನೆಚ್ಚಿದ ಆಪ್‌ಗಳಲ್ಲಿನ ಅಷ್ಟೂ ಸಾಲುಗಳನ್ನು ತಿದ್ದಬೇಕಾಯಿತು. ಬೇರೆ ಆಪ್‌ಗಳಿಗೆ ಸೇರಿಸಲೆಂದು ಬರೆಯುವ ಭಾಗಗಳಲ್ಲಿ ‘ಆರ್’ ಪಟ್ಟಿಯ ಸಂಖ್ಯೆಗಳು ಸ್ಥಿರವಲ್ಲದ ಕಾರಣ ಟಿಪ್ಪಣಿಗಳಲ್ಲಿ ಬಳಸಲಾಗದೆ, ‘ಆರ್2’ ಎಂಬ ನಕಲುಪಟ್ಟಿಯನ್ನೇ ಸೃಷ್ಟಿಸಬೇಕಾಯಿತು. ಪುನರುಕ್ತಿಯನ್ನು ನೀಗಲು ಬಂದ ಸಾಧನವು ಪಟ್ಟಿಯೊಂದನ್ನೇ ಪುನರುಕ್ತಿಗೊಳಿಸಿದ್ದು ಗಮನಾರ್ಹ. 2020ರಲ್ಲಿ ಲೇಖಕರೇ ಈ ಲೈಬ್ರರಿಯನ್ನು ನಿವೃತ್ತಗೊಳಿಸಿ, ಗೂಗಲ್ಲಿನ ಹೊಸ ಸಾಧನಕ್ಕೆ ಬದಲಾಗುವಂತೆ ಬಳಕೆದಾರರಿಗೆ ಸೂಚಿಸಿದರು.

ಈ ನಡುವೆ ಭಾಷೆಯೇ ಬದಲಾಗತೊಡಗಿತ್ತು. ಜೆಟ್‌ಬ್ರೇನ್ಸ್ ಕಂಪನಿಯ ಕೋಟ್ಲಿನ್ ಭಾಷೆಯ ಮೊದಲ ಸ್ಥಿರ ಆವೃತ್ತಿ 2016ರ ಫೆಬ್ರವರಿಯಲ್ಲಿ ಬಂದಿತು. 2017ರ ಮೇ ತಿಂಗಳಿನಲ್ಲಿ ಗೂಗಲ್ ಅದಕ್ಕೆ ಆ್ಯಂಡ್ರಾಯ್ಡಿನಲ್ಲಿ ಅಧಿಕೃತ ಮನ್ನಣೆ ನೀಡಿತು. ಅದರ ಜೊತೆಗಿದ್ದ ‘ಸಿಂಥೆಟಿಕ್ಸ್’ ಎಂಬ ಸೌಲಭ್ಯದಲ್ಲಿ ಟಿಪ್ಪಣಿಯೂ ಬೇಡ, ಘೋಷಣೆಯೂ ಬೇಡ; ವಿನ್ಯಾಸದ ಕಡತದಲ್ಲಿ ಕೊಟ್ಟ ಗುರುತನ್ನೇ ಕೋಡಿನಲ್ಲಿ ನೇರವಾಗಿ ಬರೆದರೆ ಘಟಕ ಕೈಗೆ ಬರುತ್ತಿತ್ತು. ಸಾಲುಗಳ ಲೆಕ್ಕದಲ್ಲಿ ಇದಕ್ಕಿಂತ ಮಿತವಾದದ್ದನ್ನು ಊಹಿಸುವುದು ಕಷ್ಟ. ಆದರೆ ಎಲ್ಲ ಪರದೆಗಳ ಗುರುತುಗಳೂ ಒಂದೇ ಬಯಲಿನಲ್ಲಿ ತೆರೆದುಕೊಂಡಿದ್ದವು. ಎರಡು ಪರದೆಗಳಲ್ಲಿ ‘ಉಳಿಸು’ ಎಂಬ ಒಂದೇ ಹೆಸರಿನ ಗುಂಡಿಗಳಿದ್ದು, ಪ್ರೋಗ್ರಾಮರ್ ಬೇರೆ ಪರದೆಯದನ್ನು ಆಮದು ಮಾಡಿಕೊಂಡರೆ ಕಂಪೈಲರ್ ಅದನ್ನು ತಡೆಯುತ್ತಿರಲಿಲ್ಲ. ಘಟಕವು ಒಂದು ವಿನ್ಯಾಸದಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವ ಸಾಧ್ಯತೆಯನ್ನೂ ಅದು ತಿಳಿಸುತ್ತಿರಲಿಲ್ಲ. ಶೂನ್ಯಸೂಚಿಯ ಅಪಾಯವನ್ನು ತಡೆಯುವುದೇ ತನ್ನ ಹೆಗ್ಗಳಿಕೆಯೆಂದು ಹೇಳಿಕೊಂಡ ಭಾಷೆಯಲ್ಲಿ ಅದೇ ಅಪಾಯ ಹಿಂಬಾಗಿಲಿನಿಂದ ಒಳಬಂದಿತ್ತು. 2020ರ ನವೆಂಬರಿನಲ್ಲಿ ಸಿಂಥೆಟಿಕ್ಸನ್ನೂ ಕೈಬಿಡುವ ನಿರ್ಧಾರ ಪ್ರಕಟವಾಯಿತು.

ಇವೆರಡರ ಸ್ಥಾನಕ್ಕೆ ಬಂದ ‘ವ್ಯೂ ಬೈಂಡಿಂಗ್’ 2020ರ ಫೆಬ್ರವರಿಯಲ್ಲಿ ಆ್ಯಂಡ್ರಾಯ್ಡ್ ಸ್ಟುಡಿಯೋದ 3.6ನೆಯ ಆವೃತ್ತಿಯೊಡನೆ ಬಿಡುಗಡೆಯಾಯಿತು. ಇದು ಪ್ರತಿ ವಿನ್ಯಾಸದ ಕಡತಕ್ಕೂ ಒಂದು ವರ್ಗವನ್ನು ತಾನಾಗಿ ರಚಿಸಿ, ಆ ಪರದೆಯ ಘಟಕಗಳನ್ನು ಮಾತ್ರ, ಸರಿಯಾದ ಜಾತಿಯೊಡನೆ, ಅದರಲ್ಲಿ ಇರಿಸುತ್ತದೆ. ಬೇರೆ ಪರದೆಯ ಗುಂಡಿಯನ್ನು ತಪ್ಪಿ ಕೇಳುವುದು ಸಾಧ್ಯವೇ ಇಲ್ಲ. ಉದ್ದ ವಿನ್ಯಾಸದಲ್ಲಿದ್ದು ಅಡ್ಡ ವಿನ್ಯಾಸದಲ್ಲಿಲ್ಲದ ಘಟಕಕ್ಕೆ ‘ಇಲ್ಲದಿರಬಹುದು’ ಎಂಬ ಗುರುತು ಹಾಕಲಾಗುತ್ತದೆ. ಕೋಟ್ಲಿನ್ನಿನಲ್ಲಿ ಆ ಸಾಧ್ಯತೆಗೆ ಉತ್ತರ ಬರೆಯದೆ ಮುಂದುವರಿಯಲು ಕಂಪೈಲರ್ ಬಿಡುವುದಿಲ್ಲ. ಸಿಂಥೆಟಿಕ್ಸಿಗಿಂತ ಇದರಲ್ಲಿ ಒಂದೆರಡು ಸಾಲು ಹೆಚ್ಚೇ ಬರೆಯಬೇಕು. ಸಾಲುಗಳನ್ನು ಉಳಿಸುವುದಕ್ಕಿಂತ ತಪ್ಪನ್ನು ಬರೆಯುವವನ ಮೇಜಿನ ಮೇಲೆಯೇ ಹಿಡಿಯುವುದು ಮೇಲೆಂಬ ನಿಲುವು ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಗೆದ್ದಿತೆನ್ನಬಹುದು. 2008ರಿಂದ ಎಣಿಸಿದರೆ ಇದಕ್ಕೆ ಹಿಡಿದದ್ದು ಹನ್ನೆರಡು ವರ್ಷ.

ಆ್ಯಪಲ್ ವೇದಿಕೆಯ ಕಥೆ ಇದಕ್ಕೆ ಸಮಾನಾಂತರವಾಗಿ ನಡೆದಿದೆ. ನೆಕ್ಸ್ಟ್ ಕಂಪನಿಯನ್ನು ಆ್ಯಪಲ್ ಕೊಂಡದ್ದರಿಂದ ಇಂಟರ್‌ಫೇಸ್ ಬಿಲ್ಡರ್ 2008ರಲ್ಲಿ ಐಫೋನಿನ ಪ್ರೋಗ್ರಾಮರುಗಳಿಗೆ ಪಿತ್ರಾರ್ಜಿತವಾಗಿ ದೊರೆಯಿತು. ಆದರೂ ಅನೇಕ ತಂಡಗಳು ಅದನ್ನು ತೊರೆದು ಕೋಡಿನಲ್ಲಿಯೇ ಪರದೆಗಳನ್ನು ಕಟ್ಟಲು ಹಿಂದಿರುಗಿದವು. ಹಲವರು ಒಂದೇ ಕಡತವನ್ನು ತಿದ್ದಿದಾಗ ಆ ತಿದ್ದುಪಡಿಗಳನ್ನು ಹೊಂದಿಸುವುದು ದುಸ್ಸಾಧ್ಯವಾದದ್ದು ಇದಕ್ಕೆ ಮುಖ್ಯ ಕಾರಣ. 2011ರ ‘ಯುಐಅಪಿಯರೆನ್ಸ್’ ಆ ಆಪಿನ ಎಲ್ಲ ಗುಂಡಿಗಳ ಬಣ್ಣವನ್ನು ಒಂದೇ ಸಾಲಿನಲ್ಲಿ ನಿಗದಿಪಡಿಸುವ ಅವಕಾಶವನ್ನು ಕೊಟ್ಟಿತು. ಇದನ್ನು ಸ್ಕೆಚ್‌ಪ್ಯಾಡಿನ ಮೂಲಚಿತ್ರದ ದೂರದ ವಂಶಜವೆನ್ನಲು ಅಡ್ಡಿಯಿಲ್ಲ.

ಅಕ್ಷರಗಳ ಪ್ರಶ್ನೆ

ಘಟಕದ ಮೇಲೆ ಬರೆದ ಮಾತು ಕೋಡಿನೊಳಗೆ ಹುದುಗಿದ್ದರೆ ಆಗುವ ನಷ್ಟ ಇಂಗ್ಲಿಷಿನಲ್ಲಿ ಬಳಸುವವರಿಗೆ ತಿಳಿಯುವುದಿಲ್ಲ. ಅದು ತಿಳಿಯುವುದು ಇತರ ಭಾಷಿಕರಿಗೆ. ‘ಉಳಿಸು’ ಎಂಬರ್ಥದ ಇಂಗ್ಲಿಷ್ ಮಾತನ್ನು ಮೂವತ್ತು ಪರದೆಗಳಲ್ಲಿ ಮೂವತ್ತು ಸಲ ಬರೆದಿದ್ದರೆ, ಆಪ್ ಅನ್ನು ಕನ್ನಡಕ್ಕೆ ತರುವವನು ಮೂವತ್ತು ಕಡೆ ಹುಡುಕಬೇಕು, ಒಂದನ್ನಾದರೂ ಬಿಡುವುದು ಖಚಿತ. ಮ್ಯಾಕಿಂತೋಷಿನ ರಿಸೋರ್ಸ್ ಕಲ್ಪನೆಯನ್ನು ಮುಂದುವರಿಸಿದ ಆ್ಯಂಡ್ರಾಯ್ಡ್, ಮಾತುಗಳನ್ನೆಲ್ಲ ಒಂದು ಕಡತದಲ್ಲಿಟ್ಟು ಪರದೆಗಳಿಂದ ಹೆಸರಿನ ಮೂಲಕ ಕರೆಯುವ ಕ್ರಮವನ್ನು ಮೊದಲಿನಿಂದಲೂ ಉತ್ತೇಜಿಸಿತು. ‘ಕೆಎನ್’ ಎಂಬ ಭಾಷಾಸಂಕೇತವುಳ್ಳ ಇನ್ನೊಂದು ಕಡತಕೋಶವನ್ನು ಸೇರಿಸಿ ಅದರಲ್ಲಿ ಕನ್ನಡದ ಮಾತುಗಳನ್ನಿಟ್ಟರೆ, ಕನ್ನಡವನ್ನು ಆರಿಸಿಕೊಂಡ ಫೋನಿನಲ್ಲಿ ಒಂದು ಸಾಲು ಕೋಡನ್ನೂ ಮುಟ್ಟದೆ ಪರದೆಗಳು ಕನ್ನಡವಾಗುತ್ತವೆ.

ತಾತ್ವಿಕವಾಗಿ ಹೀಗಿದ್ದರೂ, ಮೂಲ ಆ್ಯಂಡ್ರಾಯ್ಡಿನ ಘಟಕಗಳಲ್ಲಿ ಕನ್ನಡ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ ಬೆಂಬಲ ದೊರೆತದ್ದು 2012ರ 4.1ನೆಯ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಕಡತಕೋಶ ಸಿದ್ಧವಿದ್ದರೂ ಅನೇಕ ಫೋನುಗಳಲ್ಲಿ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತಿದ್ದವು. ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಗುಂಡಿಯಲ್ಲಿ ‘ಪ್ರಾರಂಭಿಸಿ’ ಎಂಬ ಪದ ಹಿಡಿಸುವುದಿಲ್ಲ. ಎತ್ತರವನ್ನು ಪ್ರತಿ ಗುಂಡಿಗೂ ಬೇರೆ ಬೇರೆಯಾಗಿ ಅಂಕಿಯಲ್ಲಿ ಬರೆದಿದ್ದರೆ ಕನ್ನಡಕ್ಕಾಗಿ ಎಲ್ಲವನ್ನೂ ತಿದ್ದಬೇಕು. ‘ಸ್ಟೈಲ್’ ಎಂಬ ಒಂದೇ ನಮೂನೆಯಲ್ಲಿ ಬರೆದಿದ್ದರೆ ಒಂದು ಕಡೆ ತಿದ್ದಿದರೆ ಸಾಕು. ಪಡಿಯಚ್ಚು ಕೋಡನ್ನು ತಗ್ಗಿಸುವುದು ಪ್ರೋಗ್ರಾಮರನ ಅನುಕೂಲಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ವಿವರಿಸುವ ಮಾರ್ಗ

ಇಲ್ಲಿಯವರೆಗಿನ ಎಲ್ಲ ಯತ್ನಗಳೂ ಘಟಕವನ್ನು ಹುಡುಕುವ ಶ್ರಮವನ್ನು ಹಗುರಗೊಳಿಸಿದವು. ಹುಡುಕಬೇಕಾದುದಾದರೂ ಏಕೆ ಎಂಬ ಮೂಲಪ್ರಶ್ನೆಯನ್ನು ಎತ್ತಿದ ಪ್ರವಾಹ ವೆಬ್ ಕ್ಷೇತ್ರದಿಂದ ಬಂದಿತು. ಫೇಸ್‌ಬುಕ್ಕಿನಲ್ಲಿ ಜೋರ್ಡಾನ್ ವಾಕ್ ಅವರು ರೂಪಿಸಿ 2013ರಲ್ಲಿ ಮುಕ್ತವಾಗಿ ಪ್ರಕಟವಾದ ‘ರಿಯಾಕ್ಟ್’ ಲೈಬ್ರರಿಯಲ್ಲಿ, ಪರದೆಯ ಮೇಲಿರುವ ಗುಂಡಿಯನ್ನು ಹುಡುಕಿ ಬದಲಿಸುವ ಬದಲು, ಮಾಹಿತಿ ಹೀಗಿದ್ದಾಗ ಪರದೆ ಹೀಗಿರಬೇಕು ಎಂದು ವಿವರಿಸಿದರೆ ಸಾಕು. ಹಳೆಯ ಪರದೆಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಲೈಬ್ರರಿಯೇ ಕಂಡುಕೊಳ್ಳುತ್ತದೆ. 2015ರಲ್ಲಿ ರಿಯಾಕ್ಟ್ ನೇಟಿವ್, 2018ರ ಡಿಸೆಂಬರಿನಲ್ಲಿ ಫ್ಲಟರಿನ ಮೊದಲ ಸ್ಥಿರ ಆವೃತ್ತಿ, 2019ರ ಜೂನಿನಲ್ಲಿ ಆ್ಯಪಲ್ಲಿನ ಸ್ವಿಫ್ಟ್‌ಯುಐ, ಅದೇ ವರ್ಷ ಘೋಷಿತವಾಗಿ 2021ರ ಜುಲೈನಲ್ಲಿ ಸ್ಥಿರ ರೂಪ ತಳೆದ ಗೂಗಲ್ಲಿನ ‘ಜೆಟ್‌ಪ್ಯಾಕ್ ಕಂಪೋಸ್’ ಹೀಗೆ ಈ ಮಾರ್ಗ ಬೆಳೆಯಿತು.

ಕಂಪೋಸಿನಲ್ಲಿ ಎಕ್ಸ್‌ಎಂಎಲ್ ಕಡತವೂ ಗುರುತಿನ ಸಂಖ್ಯೆಯೂ ಇಲ್ಲ. ಗುಂಡಿಯೆಂಬುದು ಒಂದು ಫಂಕ್ಷನ್. ಅದನ್ನು ಕರೆಯುವಾಗಲೇ ಅದರ ಅಕ್ಷರವನ್ನೂ ಒತ್ತಿದಾಗಿನ ಕೆಲಸವನ್ನೂ ಕೊಡಲಾಗುತ್ತದೆ. ಹೆಸರು, ವಿಳಾಸ, ದೂರವಾಣಿ ಎಂಬ ಮೂರು ಚೌಕಗಳು ಹಲವು ಪರದೆಗಳಲ್ಲಿ ಬರುವುದಾದರೆ ಅವನ್ನೊಂದು ಫಂಕ್ಷನ್ನಿನಲ್ಲಿ ಕಟ್ಟಿ ಹೆಸರಿಟ್ಟು ಕರೆಯಬಹುದು. ಇಪ್ಪತ್ತು ಸಾಲುಗಳ ಪಟ್ಟಿಗೆ ಒಂದು ಆವರ್ತನ ವಾಕ್ಯ ಸಾಕು. ಪುನರುಕ್ತಿಯನ್ನು ತಡೆಯಲು ಪ್ರೋಗ್ರಾಮಿಂಗ್ ಭಾಷೆಗಳು ಐವತ್ತರ ದಶಕದಿಂದಲೂ ಇಟ್ಟುಕೊಂಡು ಬಂದ ಅತಿ ಹಳೆಯ ಉಪಾಯಗಳು ಪರದೆಯ ರಚನೆಗೆ ಪೂರ್ಣವಾಗಿ ದಕ್ಕಿದ್ದು ಹೀಗೆ. ಬೇರೆ ಬಗೆಯ ಪುನರುಕ್ತಿಗಳು ತಲೆದೋರಿದವೆಂಬುದನ್ನೂ ಮರೆಯುವಂತಿಲ್ಲ. ಒಂದೇ ಮಾಹಿತಿಯನ್ನು ಮೇಲಿನ ಫಂಕ್ಷನ್ನಿನಿಂದ ಕೆಳಗಿನದಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ ದಾಟಿಸುತ್ತ ಹೋಗುವ ಶ್ರಮ ಅವುಗಳಲ್ಲೊಂದು. ಪ್ರತಿ ಫಂಕ್ಷನ್ನಿಗೂ ಅಗತ್ಯವಾದ ಲೆಕ್ಕಪತ್ರದ ಕೋಡನ್ನು ಕಂಪೈಲರಿಗೆ ಜೋಡಿಸಿದ ಒಂದು ಭಾಗವು ಯಾರಿಗೂ ಕಾಣದಂತೆ ಸೇರಿಸುತ್ತದೆ; ಬಟರ್‌ನೈಫಿನ ಕೋಡಿನಂತೆ ಅದನ್ನು ಸುಲಭವಾಗಿ ತೆರೆದು ಓದಲಾಗದು. ಹಳೆಯ ಎಕ್ಸ್‌ಎಂಎಲ್ ಪರದೆಗಳು ಅಸಂಖ್ಯಾತ ಆಪ್‌ಗಳಲ್ಲಿ ಉಳಿದಿರುವುದರಿಂದ, ಫೈಂಡ್‌ವ್ಯೂಬೈಐಡಿ ಆದೇಶವೂ ವೇದಿಕೆಯಲ್ಲಿ ಹಾಗೆಯೇ ಇದೆ.

ಎಲ್ಲವನ್ನೂ ಮೊಟಕುಗೊಳಿಸಿದ ಈ ಹೊಸ ಸಾಧನದಲ್ಲಿ ಒಂದು ಪುನರುಕ್ತಿಯನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಳ್ಳಲಾಗಿದೆ. ದೃಷ್ಟಿಹೀನರು ಆ್ಯಂಡ್ರಾಯ್ಡ್ ಫೋನನ್ನು ‘ಟಾಕ್‌ಬ್ಯಾಕ್’ ಎಂಬ ಓದುಗ ತಂತ್ರಾಂಶದ ಮೂಲಕ ಬಳಸುತ್ತಾರೆ. ಚಿತ್ರವಷ್ಟೇ ಇರುವ ಗುಂಡಿಯ ಮೇಲೆ ಬೆರಳಿಟ್ಟಾಗ ಅದೇನೆಂದು ಹೇಳಬೇಕಾದರೆ ಪ್ರೋಗ್ರಾಮರ್ ಆ ಚಿತ್ರಕ್ಕೊಂದು ವಿವರಣೆಯನ್ನು ಬರೆದಿರಬೇಕು. ಎಕ್ಸ್‌ಎಂಎಲ್ ಪದ್ಧತಿಯಲ್ಲಿ ಇದು ಐಚ್ಛಿಕವಾಗಿತ್ತು. ಬಿಟ್ಟರೆ ಒಂದು ಎಚ್ಚರಿಕೆ ಬರುತ್ತಿತ್ತು, ಆಪ್ ಸಿದ್ಧವಾಗಲು ಅಡ್ಡಿಯಿರಲಿಲ್ಲ, ಕೇಳುವವನಿಗೆ ಹೆಸರಿಲ್ಲದ ಗುಂಡಿಯೆಂದಷ್ಟೇ ಕೇಳಿಸುತ್ತಿತ್ತು. ಕಂಪೋಸಿನ ಚಿತ್ರ ಮತ್ತು ಚಿಹ್ನೆಯ ಫಂಕ್ಷನ್ನುಗಳಲ್ಲಿ ಅಳತೆ, ಬಣ್ಣ ಮೊದಲಾದವುಗಳಿಗೆ ಪೂರ್ವನಿಗದಿತ ಬೆಲೆಗಳಿದ್ದು ಬರೆಯದೆ ಬಿಡಬಹುದು. ವಿವರಣೆಗೆ ಮಾತ್ರ ಅಂತಹ ಬೆಲೆಯನ್ನು ಇಟ್ಟಿಲ್ಲ. ಚಿತ್ರವು ಕೇವಲ ಅಲಂಕಾರಕ್ಕಾದರೆ ‘ಇಲ್ಲ’ ಎಂದಾದರೂ ಕೈಯಾರೆ ಬರೆಯಬೇಕು, ಪ್ರತಿ ಚಿತ್ರಕ್ಕೂ, ಪ್ರತಿಸಲವೂ; ಬರೆಯದಿದ್ದರೆ ಆಪ್ ಕಂಪೈಲ್ ಆಗುವುದೇ ಇಲ್ಲ.